ದಾಳ ಮರೆಮಾಡಿ ಉರುಳಿಸುವವರು, ತಂಡದವರನ್ನೇ ದೋಚುವವರು: ಡಿಎಂ (ಆಟ ನಡೆಸುವವರು) ಏನು ಮಾಡಬೇಕು?

ಪ್ರಶ್ನೆ:
ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಪಾತ್ರ ವಹಿಸಿ ದಾಳ ಉರುಳಿಸಿ ಆಡುವ ಕಥೆಯಾಟ) 5ನೇ ಆವೃತ್ತಿ, 2014ರ ನಿಯಮ. ಐವರು ಆಟಗಾರರು, ಎಲ್ಲರೂ 5ನೇ ಲೆವೆಲ್. ವಿಝರ್ಡ್ (ಮಂತ್ರವಾದಿ) ಆಡುವವರು ಪುಸ್ತಕದ ಮರೆಯಲ್ಲಿ ಡಿ20 (20 ಮುಖದ ದಾಳ) ಉರುಳಿಸಿ, ತಟ್ಟನೆ ಎತ್ತಿಕೊಂಡು ನಂಬರ್ ಹೇಳ್ತಾರೆ. ಮೊನ್ನೆ 20 ರೋಲ್‌ನಲ್ಲಿ ನಾಲ್ಕು ಸಲ 20! ರೋಗ್ (ಕಳ್ಳನಂಥ ಪಾತ್ರ) ಆಡುವವರು ತಂಡದವರ ಚಿನ್ನವನ್ನೇ ಕದ್ದು, "ನನ್ನ ಪಾತ್ರ ಇರೋದೇ ಹಾಗೆ" ಅಂತಾರೆ. ಜಗಳ ಆಗದ ಹಾಗೆ ಸರಿಮಾಡೋದು ಹೇಗೆ?

ಉತ್ತರ 1:
20 ರೋಲ್‌ಗೆ ಸರಾಸರಿ ಒಂದು 20 ಬೀಳುತ್ತೆ. ನಾಲ್ಕು ಅಥವಾ ಹೆಚ್ಚು ಬೀಳೋ ಸಾಧ್ಯತೆ ನೂರಕ್ಕೆ ಸುಮಾರು ಒಂದೂವರೆ. ಅಪರೂಪ ನಿಜ, ಆದ್ರೆ ಅಷ್ಟಕ್ಕೇ ಯಾರನ್ನೂ ಕಳ್ಳ ಅನ್ನೋಕಾಗಲ್ಲ. ಟೇಬಲ್ ನಡುವೆ ಅಂಚಿರೋ ತಟ್ಟೆಗೆ ಬಟ್ಟೆ ಹಾಸಿ ಇಡಿ. ತಟ್ಟೆಯೊಳಗೆ ಬಿದ್ದದ್ದಷ್ಟೇ ಲೆಕ್ಕ, ಓರೆಯಾಗಿ ನಿಂತರೆ ಮತ್ತೆ ಉರುಳಿಸಬೇಕು, ಪಕ್ಕದವರು ನೋಡುವ ತನಕ ಮುಟ್ಟಬಾರದು. ಡಿಎಂ ಕೇಳುವ ಮುಂಚೆ ಮಾಡಿದ ರೋಲ್ ಕೂಡ ಲೆಕ್ಕಕ್ಕಿಲ್ಲ. ಯಾಕಂದ್ರೆ "ಪರ್ಸೆಪ್ಶನ್ (ಸುತ್ತಲಿನದನ್ನ ಗಮನಿಸೋ ರೋಲ್) 18 ಬಂತು" ಅಂತ ತಾವಾಗಿ ಹೇಳುವವರು 4 ಬಿದ್ದಾಗ ತುಟಿ ಬಿಚ್ಚಲ್ಲ. ಈ ನಿಯಮ ಐವರಿಗೂ ಒಂದೇ ದಿನದಿಂದ ಜಾರಿಯಾಗಲಿ.

ಉತ್ತರ 2:
ದಾಳ ಬಿಡಿ, ವಿಝರ್ಡ್ ಶೀಟ್ (ಪಾತ್ರದ ವಿವರದ ಹಾಳೆ) ನೋಡಿ. ಮೋಸವೋ ಮರೆವೋ, ಹೆಚ್ಚು ಆಗೋದು ಅಲ್ಲೇ. 5ನೇ ಲೆವೆಲ್‌ಗೆ ಸ್ಪೆಲ್ ಸ್ಲಾಟ್ (ಮಂತ್ರ ಹಾಕೋ ಅವಕಾಶ) 1, 2, 3ನೇ ಮಟ್ಟದ ಮಂತ್ರಕ್ಕೆ ಕ್ರಮವಾಗಿ 4, 3, 2, ಒಟ್ಟು ಒಂಬತ್ತು. ಒಂಬತ್ತು ಹುಣಸೆ ಬೀಜ ಮೂರು ಗುಂಪಾಗಿ ಕೊಡಿ. ಸ್ಲಾಟ್ ಖರ್ಚಾದಾಗೆಲ್ಲ ಒಂದು ಬೀಜ ನಿಮ್ಮ ಕಡೆ ಬರಲಿ. ಕಾನ್ಸಂಟ್ರೇಶನ್ (ಒಂದು ಸಲಕ್ಕೆ ಒಂದೇ ಮಂತ್ರದ ಮೇಲೆ ಗಮನ ಹಿಡಿಯೋದು) ಮೇಲೂ ಕಣ್ಣಿರಲಿ. ಹೇಸ್ಟ್ (ವೇಗ ಹೆಚ್ಚಿಸೋ ಮಂತ್ರ) ನಡೀತಿರುವಾಗ ಫ್ಲೈ (ಹಾರಿಸೋ ಮಂತ್ರ) ಹಾಕಿದರೆ ಹೇಸ್ಟ್ ಅಲ್ಲಿಗೇ ಮುಗೀತು, ಅದರಲ್ಲಿದ್ದವನ ಮುಂದಿನ ಸರದಿಯೂ ಹೋಯ್ತು. ಪೆಟ್ಟು ಬಿದ್ದಾಗ ಕಾನ್‌ಸ್ಟಿಟ್ಯೂಶನ್ ಸೇವ್ (ಮಂತ್ರ ಉಳಿಸಿಕೊಳ್ಳೋ ರೋಲ್): ಡಿಸಿ (ಮುಟ್ಟಬೇಕಾದ ಸಂಖ್ಯೆ) 10 ಅಥವಾ ಡ್ಯಾಮೇಜ್‌ನ ಅರ್ಧ, ಯಾವುದು ಜಾಸ್ತಿಯೋ ಅದು. 28 ಡ್ಯಾಮೇಜ್ ಅಂದ್ರೆ ಡಿಸಿ 14. ಡಿಎಂ ಕೇಳದಿದ್ದರೆ ಇದನ್ನ ಯಾರೂ ನೆನಪಿಸಲ್ಲ.

ಉತ್ತರ 3:
ರೋಗ್ ವಿಷಯ. ಪಾತ್ರ ಹಾಗಿದ್ದರೆ, ಹಾಗೆ ಮಾಡಿಕೊಂಡವರು ಆಟಗಾರರೇ ತಾನೆ? ತಂಡದವರ ಮೇಲೆ ಸ್ಲೈಟ್ ಆಫ್ ಹ್ಯಾಂಡ್ (ಕೈಚಳಕ) ರೋಲ್ ಮಾಡೋಕೆ ಎದುರಿನ ಆಟಗಾರರ ಒಪ್ಪಿಗೆ ಬೇಕು. ಇಲ್ಲಾಂದ್ರೆ ಕಳ್ಳತನ ನಡೆದೇ ಇಲ್ಲ. ಸಿಕ್ಕಿದ ಚಿನ್ನವನ್ನ ಅಲ್ಲೇ ಆರು ಪಾಲು ಮಾಡಿ, ಆರನೇದು ತಂಡದ ಖಾತೆಗೆ. 300 ಇದ್ದರೆ ತಲೆಗೆ 50. ಆಟದೊಳಗೆ ಕಾವಲುಗಾರರನ್ನ ಬಿಟ್ಟು ಬುದ್ಧಿ ಕಲಿಸೋಕೆ ಹೋಗಬೇಡಿ. ಆಮೇಲೆ ಇಡೀ ಸಂಜೆ ಅವರ ಜೈಲಿನ ಕಥೆಯೇ ಆಗುತ್ತೆ. ಸೆಷನ್ ಮುಗಿದ ಮೇಲೆ ಒಬ್ಬರನ್ನೇ ಕೂರಿಸಿ ಮಾತಾಡಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಪಾತ್ರಕ್ಕೆ ಗೊತ್ತಿಲ್ಲದಿದ್ದರೂ ಆಟಗಾರರು ಟ್ರೋಲ್ (ಒಂದು ಬಗೆಯ ರಾಕ್ಷಸ) ಕಂಡ ಕೂಡಲೇ "ಬೆಂಕಿ ಹಚ್ಚಿ" ಅನ್ನೋದೂ ಮೋಸಾನಾ?

ಉತ್ತರ 2:
ನನ್ನ ಪ್ರಕಾರ ಅಲ್ಲ. ಸರದಿಯ ಶುರುವಿಗೆ ಟ್ರೋಲ್‌ಗೆ 10 ಹಿಟ್ ಪಾಯಿಂಟ್ (ಜೀವಬಲ) ವಾಪಸ್ ಬರುತ್ತೆ, ಬೆಂಕಿ ಅಥವಾ ಆ್ಯಸಿಡ್ ತಾಗಿದರೆ ಆ ಸಲಕ್ಕೆ ಬರಲ್ಲ ಅನ್ನೋದು ಹಳಬರಿಗೆಲ್ಲ ಗೊತ್ತು. ಗೊತ್ತಿಲ್ಲದ ಹಾಗೆ ನಟಿಸಿ ಅನ್ನೋದು ಹಿಂಸೆ. ಬೇಕಾದ್ರೆ ನಿಮ್ಮ ಟ್ರೋಲ್‌ಗೆ ಬೆಂಕಿ ಬದಲು ಚಳಿ ಆಗದ ಹಾಗೆ ಮಾಡಿ, ಅದು ಒಲೆ ಬಿಟ್ಟು ಕದಲದೇ ಕೂತಿರಲಿ. ಸುಳಿವು ಸಿಕ್ಕವರು ಹಿಡೀತಾರೆ. ಹೋರಾಟದ ನಡುವೆ ಫೋನ್ ತೆಗೆದು ರಾಕ್ಷಸನ ಎಸಿ (ಏಟು ತಾಗಿಸೋಕೆ ಬೇಕಾದ ಸಂಖ್ಯೆ) ಹುಡುಕೋದು ಮಾತ್ರ ಮೋಸವೇ.