ಹಳೇ ಕಬ್ಬಿನ ಲೋಳೆ ಒಡೆಯುವ ಕಿಣ್ವ: ಯಾವ ಬ್ಯಾಕ್ಟೀರಿಯಾದಲ್ಲಿ ಮಾಡಿಸಲಿ?

ಪ್ರಶ್ನೆ – ಬಯೋಟೆಕ್ ಕೊನೇ ವರ್ಷದ ವಿದ್ಯಾರ್ಥಿನಿ, ಮುಧೋಳ

ಸರ್, ನಮಸ್ಕಾರ. ನಮ್ಮದು ಕಬ್ಬು ಬೆಳೆಯುವ ಮನೆ. ಕಟಾವಾದ ಕಬ್ಬು ಟ್ರ್ಯಾಕ್ಟರ್ ಪಾಳಿಯಲ್ಲಿ ಎರಡು ಮೂರು ದಿನ ನಿಲ್ಲೋದನ್ನ ಚಿಕ್ಕವಳಿದ್ದಾಗಿನಿಂದ ನೋಡುತ್ತಾ ಬಂದಿದ್ದೇನೆ. ಅಂಥ ಕಬ್ಬಿನಲ್ಲಿ ಲ್ಯೂಕೊನೊಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ ಸಕ್ಕರೆಯನ್ನು ತಿಂದು ಡೆಕ್ಸ್‌ಟ್ರಾನ್ ಎಂಬ ಲೋಳೆ ಮಾಡುತ್ತದೆ ಅಂತ ಕ್ಲಾಸಿನಲ್ಲಿ ಓದಿದೆ. ಅದನ್ನು ಒಡೆಯುವ ಡೆಕ್ಸ್‌ಟ್ರಾನೇಸ್ ಕಿಣ್ವ ಮಾಡಿಸೋದು ನಮ್ಮ ನಾಲ್ಕು ಜನರ ಪ್ರಾಜೆಕ್ಟ್. ಒಬ್ಬರು ಇ. ಕೋಲಿ ಸಾಕು ಅಂತಾರೆ, ಇನ್ನೊಬ್ಬರು ಬ್ಯಾಸಿಲಸ್ ತಗೊಳ್ಳಿ ಅಂತಾರೆ. ಗೆಳತಿಗೆ ವಿಬ್ರಿಯೊ ನ್ಯಾಟ್ರಿಯೆಜೆನ್ಸ್ ಮೇಲೆ ಮನಸ್ಸು. ಕೈಯಲ್ಲಿರೋದು ನಾಲ್ಕು ತಿಂಗಳು. ಲ್ಯಾಬಿನಲ್ಲಿ ತಳಿ ಕಾಪಾಡುವ ಮೈನಸ್ 80 ಡಿಗ್ರಿ ಫ್ರೀಜರ್ ಇಲ್ಲ, ಕರೆಂಟ್ ಆಗಾಗ ಹೋಗುತ್ತದೆ. ಏನು ಮಾಡೋಣ?

ಉತ್ತರ – ಸೂಕ್ಷ್ಮಜೀವಿ ತಜ್ಞ, ಬೆಳಗಾವಿ

ತಂಗಿ, ಮನೆ ಮುಂದಿನ ಸಮಸ್ಯೆಯನ್ನೇ ಹಿಡಿದಿದ್ದೀರಿ, ಓದಿ ಬಹಳ ಖುಷಿಯಾಯಿತು. ಜೀನ್ ಕಟ್ಟುವ ಕೆಲಸ ಇ. ಕೋಲಿಯಲ್ಲಿ ಮಾಡಿ. ಕಿಣ್ವ ಮಾಡಿಸುವ ಕೆಲಸ ಬ್ಯಾಸಿಲಸ್ ಸಬ್ಟಿಲಿಸ್‌ಗೆ ಕೊಡಿ. ಯಾಕೆ ಅಂತ ಹೇಳುತ್ತೇನೆ.

ಕಾಗೆ ಗೂಡಿನಲ್ಲಿ ಕೋಗಿಲೆ ಮೊಟ್ಟೆ ಇಟ್ಟ ಹಾಗೆ ನಾವು ಬೇರೆಯದರ ಜೀನನ್ನು ಒಂದು ಬ್ಯಾಕ್ಟೀರಿಯಾದಲ್ಲಿ ಇಡುತ್ತೇವೆ. ಗೂಡು ಯಾವುದು ಅಂತ ಆರಿಸುವ ಮೊದಲು, ಮರಿ ಎಲ್ಲಿಗೆ ಹಾರಬೇಕು ಅಂತ ಕೇಳಿಕೊಳ್ಳಬೇಕು. ನಿಮ್ಮ ಕಿಣ್ವ ಕಬ್ಬಿನ ಹಾಲಿಗೆ ಬೀಳಬೇಕು. ಅಂದರೆ ಅದು ಜೀವಕೋಶದಿಂದ ಹೊರಗೆ ಬರಲೇಬೇಕು.

ಇ. ಕೋಲಿಗೆ ಎರಡು ಪೊರೆ. ಕಿಣ್ವವನ್ನು ಒಳಪೊರೆ ದಾಟಿಸಿದರೂ ಸಾಮಾನ್ಯವಾಗಿ ನಡುವಿನ ಜಾಗದಲ್ಲೇ ನಿಲ್ಲುತ್ತದೆ. ಬ್ಯಾಸಿಲಸ್‌ಗೆ ಒಂದೇ ಪೊರೆ. ಪ್ರೋಟೀನಿನ ತುದಿಗೆ ಸಿಗ್ನಲ್ ಪೆಪ್ಟೈಡ್ ಎಂಬ ವಿಳಾಸಚೀಟಿ ಕಟ್ಟಿಕೊಟ್ಟರೆ ಅದು ಸೀದಾ ಮೀಡಿಯಂಗೆ (ಬೆಳೆಸುವ ಪೋಷಕ ದ್ರವಕ್ಕೆ) ಬಿಡುತ್ತದೆ. ಕೋಶಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ಕೆಳಗಿಳಿಸಿ ಮೇಲಿನ ನೀರು ತೆಗೆದುಕೊಂಡರೆ ಅದರಲ್ಲೇ ಕಿಣ್ವ. ಇನ್ನೊಂದು ಮಾತು, ಇದು ಕೊನೆಗೆ ತಿನ್ನುವ ಸಕ್ಕರೆಗೆ ಹೋಗುವ ವಸ್ತು. ಇ. ಕೋಲಿಯ ಹೊರಪೊರೆಯಲ್ಲಿ ಎಂಡೊಟಾಕ್ಸಿನ್ ಎಂಬ ವಿಷ ಇದೆ, ಬ್ಯಾಸಿಲಸ್‌ನಲ್ಲಿ ಇಲ್ಲ. ಜಪಾನಿನವರು ಸೋಯಾ ಕಾಳನ್ನು ಇದೇ ಸಬ್ಟಿಲಿಸ್‌ನಿಂದ ಹುದುಗಿಸಿ ನ್ಯಾಟೊ ಮಾಡಿ ತಿನ್ನುತ್ತಾರೆ.

ಹಾಗಂತ ಇ. ಕೋಲಿಯನ್ನು ಬಿಡುವ ಹಾಗಿಲ್ಲ. ಕೆ-12 ತಳಿಯನ್ನು 1922ರಲ್ಲಿ ಬೇರ್ಪಡಿಸಿದ್ದು. ಅಂದಿನಿಂದ ಇಷ್ಟು ಜನ ಇಷ್ಟು ಕೆಲಸ ಮಾಡಿರುವ ಬ್ಯಾಕ್ಟೀರಿಯಾ ಮತ್ತೊಂದಿಲ್ಲ. ಒಳ್ಳೆ ಮೀಡಿಯಂನಲ್ಲಿ 20 ನಿಮಿಷಕ್ಕೆ ದುಪ್ಪಟ್ಟಾಗುತ್ತದೆ. ಪ್ಲಾಸ್ಮಿಡ್ (ಜೀನ್ ಹೊರುವ ಚಿಕ್ಕ ಡಿಎನ್‌ಎ ಉಂಗುರ) ಕಟ್ಟಲು, ಅದರ ಸೀಕ್ವೆನ್ಸ್ (ಡಿಎನ್‌ಎ ಅಕ್ಷರಗಳ ಸಾಲು) ಸರಿ ಇದೆಯಾ ನೋಡಲು ಡಿಎಚ್5 ಆಲ್ಫಾ ತಳಿ ಬಳಸಿ. ಇ. ಕೋಲಿಯದೇ ಇನ್ನೊಂದು ತಳಿ ಬಿಎಲ್21 ಪ್ರೋಟೀನ್ ಮಾಡಿಸೋದಕ್ಕೆ ಒಳ್ಳೆಯದು, ಪ್ಲಾಸ್ಮಿಡ್ ಕಾಪಾಡೋದಕ್ಕೆ ಅಲ್ಲ. ಈ ಎರಡನ್ನು ಅದಲು ಬದಲು ಮಾಡಬೇಡಿ.

ಓದು ಮುಗಿಸಿದ ಹೊಸದರಲ್ಲಿ ನಾನೂ ಒಂದು ಕಿಣ್ವವನ್ನು ಬಿಎಲ್21ನಲ್ಲಿ ಮಾಡಿಸಿದ್ದೆ. ಜೆಲ್ ಮೇಲೆ ದಪ್ಪ ಪಟ್ಟಿ ಕಂಡಿತು, ಆದರೆ ಕಿಣ್ವದ ಕೆಲಸ ಸೊನ್ನೆ. ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ಒಳಗೇ ಗಂಟು ಕಟ್ಟಿತ್ತು. ಬೆಳೆಸುವ ಬಿಸಿಯನ್ನು 37ರಿಂದ 18 ಡಿಗ್ರಿಗೆ ಇಳಿಸಿದ ಮೇಲೆ ಸ್ವಲ್ಪ ಕರಗಿದ ಕಿಣ್ವ ಸಿಕ್ಕಿತು. ಅಷ್ಟರಲ್ಲಿ ಎರಡು ತಿಂಗಳು ಹೋಗಿತ್ತು. ನಿಮಗಿರೋದೇ ನಾಲ್ಕು ತಿಂಗಳು, ಅಲ್ವಾ?

ಇನ್ನು ವಿಬ್ರಿಯೊ. 10 ನಿಮಿಷದೊಳಗೆ ದುಪ್ಪಟ್ಟಾಗುತ್ತದೆ ಅನ್ನೋದು ನಿಜ. ಆದರೆ ಅದು ಸಮುದ್ರದಂಚಿನ ಜೀವಿ, ಉಪ್ಪಿನ ಮೀಡಿಯಂ ಬೇಕು. ಫ್ರಿಜ್‌ನಲ್ಲಿ ಪ್ಲೇಟ್ ಇಟ್ಟರೆ ಬೇಗ ಸಾಯುತ್ತದೆ. ಅದರ ಮೇಲೆ ಕೆಲಸ ಮಾಡಲು ಸಿಗುವ ಸಾಮಗ್ರಿಯೂ ಕಡಿಮೆ. ಬೇಗ ಬೆಳೆಯೋದರಿಂದ ಉಳಿಯೋದು ದಿನಕ್ಕೆ ಕೆಲವು ಗಂಟೆ ಅಷ್ಟೆ. ಹೊಸ ಜೀವಿಯನ್ನು ಪಳಗಿಸೋದಕ್ಕೆ ವಾರಗಳೇ ಬೇಕು.

ಮರುಪ್ರಶ್ನೆ – ಅದೇ ವಿದ್ಯಾರ್ಥಿನಿ

ಸರ್, ಬ್ಯಾಸಿಲಸ್‌ನಲ್ಲಿ ತೊಂದರೆಯೇ ಇಲ್ವಾ? ಮೀಡಿಯಂ ಖರ್ಚು ಉಳಿಸೋಕೆ ಕಾಕಂಬಿಯಲ್ಲೇ ಬೆಳೆಸೋಣ ಅಂತ ಇದ್ದೆವು.

ಉತ್ತರ

ತೊಂದರೆ ಇವೆ. ಕಾಕಂಬಿಯದ್ದೇ ಮೊದಲು ಹೇಳಬೇಕು. ಸಬ್ಟಿಲಿಸ್‌ಗೆ ಸುಕ್ರೋಸ್ ಕಂಡರೆ ಸ್ಯಾಕ್-ಬಿ ಅನ್ನೋ ಜೀನ್ ಎಚ್ಚರವಾಗುತ್ತದೆ. ಅದು ಲೆವಾನ್‌ಸುಕ್ರೇಸ್ ಎಂಬ ಕಿಣ್ವ ಹೊರಗೆ ಬಿಟ್ಟು ಸಕ್ಕರೆಯಿಂದ ಲೆವಾನ್ ಮಾಡುತ್ತದೆ. ಅದೂ ಲೋಳೆಯೇ! ಒಂದು ಲೋಳೆ ಒಡೆಯಲು ಹೋಗಿ ಇನ್ನೊಂದನ್ನು ಮಾಡಿಕೊಂಡ ಹಾಗಾಗುತ್ತದೆ. ಆ ಕಿಣ್ವ ಕಬ್ಬಿನ ಹಾಲಿಗೂ ಬೆರೆತರೆ ಒಳ್ಳೇ ಸಕ್ಕರೆಗೇ ಹೊಡೆತ. ಮೊದಲ ಸುತ್ತು ಗ್ಲೂಕೋಸ್ ಮೀಡಿಯಂನಲ್ಲಿ ಮಾಡಿ. ಕಾಕಂಬಿಯೇ ಬೇಕೆಂದರೆ ಸ್ಯಾಕ್-ಬಿ ತೆಗೆದ ತಳಿ ಬೇಕು. ಇ. ಕೋಲಿ ಕೆ-12ರಲ್ಲೂ ಇದು ಸುಲಭ ಅಂದುಕೊಳ್ಳಬೇಡಿ, ಅದು ಸುಕ್ರೋಸ್ ತಿನ್ನುವುದೇ ಇಲ್ಲ. ತಿನ್ನೋದು ಡಬ್ಲ್ಯೂ ಅನ್ನೋ ಬೇರೆ ತಳಿ.

ಎರಡನೆಯದು ಪ್ರೋಟಿಯೇಸ್, ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವ. ಸಬ್ಟಿಲಿಸ್ ಹೊರಗೆ ಬಿಡುವ ಪ್ರೋಟಿಯೇಸ್‌ಗಳು ನಿಮ್ಮ ಕಿಣ್ವವನ್ನೇ ಕತ್ತರಿಸಿಬಿಡುತ್ತವೆ. ಅದಕ್ಕಾಗಿಯೇ ಎಂಟು ಪ್ರೋಟಿಯೇಸ್ ಜೀನ್ ತೆಗೆದ ಡಬ್ಲ್ಯೂಬಿ800 ತಳಿ ಇದೆ. ಅದು ಸಿಗದಿದ್ದರೆ ಸಬ್ಟಿಲಿಸ್‌ನ ಸಾಮಾನ್ಯ 168 ತಳಿಯಲ್ಲೇ ಶುರು ಮಾಡಿ, ಕಿಣ್ವವನ್ನು ಹೊತ್ತು ಹೊತ್ತಿಗೆ ಅಳೆದು, ಇಳಿಯುವ ಮುಂಚೆ ತೆಗೆದುಕೊಳ್ಳಿ.

ಪ್ಲಾಸ್ಮಿಡ್ ವಿಷಯದಲ್ಲೂ ಅದು ಇ. ಕೋಲಿಯಷ್ಟು ನಂಬಿಗಸ್ತ ಅಲ್ಲ, ಕಳೆದುಕೊಳ್ಳುತ್ತದೆ. ಹಾಗಾಗಿ ಜೀನನ್ನು ಕ್ರೋಮೋಸೋಮಿನ ಅಮೈ-ಇ ಜಾಗದಲ್ಲಿ ಸೇರಿಸಿ. ಅಲ್ಲಿರೋದು ಅದರದೇ ಅಮೈಲೇಸ್ (ಪಿಷ್ಟ ಒಡೆಯುವ ಕಿಣ್ವ) ಜೀನ್. ನಿಮ್ಮದು ಸರಿಯಾಗಿ ಕೂತಿದ್ದರೆ ಅಮೈಲೇಸ್ ಹೋಗಿರುತ್ತದೆ. ಪಿಷ್ಟದ ಪ್ಲೇಟಿನ ಮೇಲೆ ಬೆಳೆಸಿ ಅಯೋಡಿನ್ ಹಾಕಿ. ಕಾಲೊನಿ ಸುತ್ತ ಬಿಳಿ ವೃತ್ತ ಬಾರದಿದ್ದರೆ ಗೆದ್ದಿರಿ. ಡೆಕ್ಸ್‌ಟ್ರಾನೇಸ್ ನೋಡಲು ಬ್ಲೂ ಡೆಕ್ಸ್‌ಟ್ರಾನ್ (ನೀಲಿ ಬಣ್ಣ ಕಟ್ಟಿದ ಡೆಕ್ಸ್‌ಟ್ರಾನ್) ಪ್ಲೇಟ್ ಮಾಡಿ, ಅಲ್ಲಿ ವೃತ್ತ ಬಂದರೆ ಒಳ್ಳೆಯದು. ಎರಡೂ ಬರಿಗಣ್ಣಿಗೆ ಕಾಣುತ್ತವೆ, ದುಬಾರಿ ಯಂತ್ರ ಬೇಡ.

ಫ್ರೀಜರ್ ಚಿಂತೆಗೂ ಇಲ್ಲೇ ಉತ್ತರ ಇದೆ. 168 ತಳಿ ಸ್ಪೋರ್ ಕಟ್ಟುತ್ತದೆ, ಅಂದರೆ ಗಟ್ಟಿ ಚಿಪ್ಪಿನೊಳಗೆ ನಿದ್ದೆ ಹೋಗುವ ರೂಪ. ತೊಳೆದ ಸ್ಪೋರ್‌ಗಳನ್ನು ಶುದ್ಧ ನೀರಿನಲ್ಲಿ ಸಾದಾ ಫ್ರಿಜ್‌ನಲ್ಲಿ ಇಟ್ಟರೂ ವರ್ಷಗಟ್ಟಲೆ ಇರುತ್ತವೆ. ಒಂದು ರಾತ್ರಿ ಕರೆಂಟ್ ಹೋದರೆ ಏನೂ ಆಗಲ್ಲ. ಆದರೆ ಅದೇ ಸ್ಪೋರ್ ಸ್ಪಿರಿಟ್ ಒರೆಸಿದರೂ ಸಾಯಲ್ಲ, ನೀರು ಕುದಿಸಿದರೂ ಸಾಯಲ್ಲ. ಬಳಸಿದ್ದನ್ನೆಲ್ಲ 121 ಡಿಗ್ರಿಯಲ್ಲಿ ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಬೇಯಿಸುವುದು) ಮಾಡಲೇಬೇಕು.

ಜೀನ್ ಆರಿಸುವಾಗಲೂ ಜೋಕೆ. ಕಾರ್ಖಾನೆಗಳಿಗೆ ಬರುವ ಡೆಕ್ಸ್‌ಟ್ರಾನೇಸ್ ಕೀಟೋಮಿಯಮ್‌ನಂಥ ಶಿಲೀಂಧ್ರದ್ದು. ಶಿಲೀಂಧ್ರದ ಜೀನಿನಲ್ಲಿ ಇಂಟ್ರಾನ್ (ನಡುವೆ ಬರುವ, ಪ್ರೋಟೀನಿಗೆ ಬೇಡದ ತುಂಡು) ಇದ್ದರೆ ಬ್ಯಾಕ್ಟೀರಿಯಾ ಅದನ್ನು ಕತ್ತರಿಸಿ ತೆಗೆಯಲಾರದು. ಆರ್ಥ್ರೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾದ ಜೀನ್ ತೆಗೆದುಕೊಳ್ಳಿ, ಸಬ್ಟಿಲಿಸ್ ಹೆಚ್ಚು ಬಳಸುವ ಕೋಡಾನ್‌ಗಳಿಗೆ (ಜೀನಿನ ಮೂರಕ್ಷರದ ಪದಗಳಿಗೆ) ಹೊಂದಿಸಿ ಬರೆಸಿ. ಕಬ್ಬಿನ ಹಾಲು ಹುಳಿ ಕಡೆಗಿರುತ್ತದೆ, ಪಿಎಚ್ ಸುಮಾರು 5.5. ಅಲ್ಲಿ ಕೆಲಸ ಮಾಡದ ಕಿಣ್ವವನ್ನು ಎಷ್ಟು ಒಳ್ಳೇ ಬ್ಯಾಕ್ಟೀರಿಯಾ ಮಾಡಿಕೊಟ್ಟರೂ ಪ್ರಯೋಜನ ಇಲ್ಲ.

ಪ್ರಶ್ನೆ – ಕಬ್ಬು ಬೆಳೆಗಾರ, ಜಮಖಂಡಿ

ಸರ, ನಾವು ಓದಿದವರಲ್ಲ, ತಪ್ಪು ತಿಳೀಬೇಡ್ರಿ. ಆ ಬ್ಯಾಕ್ಟೀರಿಯಾನೇ ಟ್ರೇಲರ್ ಮೇಲಿನ ಕಬ್ಬಿಗೆ ಸಿಂಪಡಿಸಿದರೆ ಆಗಲ್ವಾ? ರಿಕವರಿ, ಅಂದ್ರ ಕಬ್ಬಿನಿಂದ ಸಿಗೋ ಸಕ್ಕರೆ ಪಾಲು, ಉಳೀತದಲ್ಲ?

ಉತ್ತರ

ಅಣ್ಣಾರ, ಒಳ್ಳೇ ಪ್ರಶ್ನೆ ಕೇಳಿದ್ದೀರಿ. ಸಿಂಪಡಿಸುವ ಹಾಗಿಲ್ಲ. ಜೀನ್ ಬದಲಿಸಿದ ಜೀವಿಯನ್ನು ಹೊಲಕ್ಕೆ, ರಸ್ತೆಗೆ ಬಿಡುವುದು ನಮ್ಮ ದೇಶದ 1989ರ ನಿಯಮಗಳ ಪ್ರಕಾರ ಅನುಮತಿ ಇಲ್ಲದೆ ಸಾಧ್ಯವಿಲ್ಲ. ಈ ಹುಡುಗಿಯರು ಬಳಸಬೇಕಾದ್ದು ಕಿಣ್ವ ಮಾತ್ರ. ಜೀವಂತ ಬ್ಯಾಕ್ಟೀರಿಯಾ ಲ್ಯಾಬ್ ಬಾಗಿಲು ದಾಟಬಾರದು.

ಇನ್ನೊಂದು ಮಾತು ನಿಮಗೆ ನೇರವಾಗಿ ಹೇಳಬೇಕು. ಡೆಕ್ಸ್‌ಟ್ರಾನೇಸ್ ಹೋದ ಸಕ್ಕರೆಯನ್ನು ವಾಪಸ್ ತರುವುದಿಲ್ಲ. ಲೋಳೆ ಒಡೆದು ಹಾಲನ್ನು ತೆಳು ಮಾಡುತ್ತದೆ, ಸೋಸೋದು ಸುಲಭವಾಗುತ್ತದೆ, ಹರಳು ಸೂಜಿಯ ಹಾಗೆ ಉದ್ದವಾಗದೆ ಸರಿಯಾಗಿ ಬರುತ್ತದೆ. ಅಷ್ಟು ಲಾಭ ಕಾರ್ಖಾನೆಯದ್ದು. ನಿಮ್ಮ ಕಬ್ಬಿನ ಸಕ್ಕರೆ ಉಳಿಯಬೇಕಾದರೆ ಕಟಾವಾದ ದಿನವೇ, ತಪ್ಪಿದರೆ ಮರುದಿನವೇ ಅರೆಯಬೇಕು. ಬೆಂಕಿ ಬಿದ್ದ ಕಬ್ಬಾದರೆ ಇನ್ನೂ ಬೇಗ ಕೆಡುತ್ತದೆ, ಅದಕ್ಕೆ ಪಾಳಿಯಲ್ಲಿ ಮೊದಲ ಜಾಗ ಕೇಳಿ.

ಮರುಪ್ರಶ್ನೆ – ವಿದ್ಯಾರ್ಥಿನಿ

ಸರ್, ಹಾಗಾದರೆ ನಾಳೆ ಮೊದಲು ಏನು ಮಾಡಲಿ?

ಉತ್ತರ

ನಿಮ್ಮ ಕಾಲೇಜಿನಲ್ಲಿ ಜೈವಿಕ ಸುರಕ್ಷತಾ ಸಮಿತಿ ಇದೆಯಾ ಕೇಳಿ. ಇಲ್ಲದಿದ್ದರೆ ಇರುವ ಸಂಸ್ಥೆಯ ಜೊತೆ ಸೇರಿ ಮಾಡಬೇಕು, ಇದನ್ನು ಮುಂದೂಡಬೇಡಿ. ಅರ್ಜಿ ಕೊಟ್ಟ ದಿನವೇ ತಳಿಗಾಗಿ ಸೂಕ್ಷ್ಮಜೀವಿ ಸಂಗ್ರಹಾಲಯಗಳಾದ ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂಗೆ ಬರೆಯಿರಿ. ಹಳೇ ಕಬ್ಬಿನ ಹಾಲಿನಲ್ಲಿ ಡೆಕ್ಸ್‌ಟ್ರಾನ್ ಅಳೆಯುವುದು ಹೇಗೆ ಅಂತ ಇಲ್ಲಿನ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲಿ ವಿಚಾರಿಸಿ. ತಳಿ ಬರುವ ತನಕ ಸುಮ್ನೆ ಕೂರಬೇಡಿ. ನಿಮ್ಮ ಹೊಲದ ನಾಲ್ಕು ಜಲ್ಲೆ ಕಡಿದಿಟ್ಟು, ಮೊದಲ ದಿನ ಒಂದು, ಎರಡನೇ ದಿನ ಒಂದು, ಹೀಗೆ ಹಿಂಡಿ ಪ್ರತಿಸಲ ಪಿಎಚ್ ಬರೆದಿಟ್ಟುಕೊಳ್ಳಿ. ಆ ನಾಲ್ಕು ಅಂಕಿಗಳನ್ನು ಇಲ್ಲೇ ಹಾಕಿ, ಯಾವ ಜೀನ್ ಅಂತ ಕೂತು ನೋಡೋಣ.