ಅಜ್ಜಿಯ ವರ್ಷದ ತಿಥಿಗೆ ನಾಲ್ಕು ಮಾತು ಬರೀಬೇಕು, ಹೇಗೆ ಶುರು ಮಾಡ್ಲಿ?

ಮಂಜಿನೂರು:
ಮುಂದಿನ ತಿಂಗಳಿಗೆ ನಮ್ಮಜ್ಜಿ ಹೋಗಿ ಒಂದು ವರ್ಷ. ನಮ್ಮ ಕೊಡಗಿನ ಶಕ್ತಿ ಪೇಪರಿಗೆ ಫೋಟೋ ಕೊಡೋದು, ತಿಥಿಗೆ ಬಂದವರಿಗೆ ಒಂದು ಚಿಕ್ಕ ಪುಸ್ತಕ ಕೊಡೋದು ಅಂತ ಮನೇಲಿ ಮಾತಾಗಿದೆ, ಬರೆಯೋ ಕೆಲಸ ನನಗೆ ಬಂತು. ಅಪ್ಪ ಬರ್ಕೊಟ್ಟಿದ್ದು ಹುಟ್ಟಿದ್ದು, ಮದುವೆ, ಮೂರು ಮಕ್ಕಳು, ಆರು ಮೊಮ್ಮಕ್ಕಳು, ಅಷ್ಟೇ. ಓದಿದ್ರೆ ಯಾರಜ್ಜಿ ಬೇಕಾದ್ರೂ ಆಗಬಹುದು.

ಆದ್ರೆ ಅಟ್ಟದಲ್ಲಿ ಟ್ರಂಕ್ ತೆಗೆದ್ರೆ 31 ವರ್ಷದ ಕ್ಯಾಲೆಂಡರ್ ಸಿಕ್ತು. ಮಾದಾಪುರದ ಹತ್ರ ನಮ್ಮ ಕಾಫಿ ತೋಟ, ಅಂಗಳದಲ್ಲಿ ಮಳೆ ಅಳೆಯೋ ರೈನ್ ಗೇಜ್ ಇದೆ, ದಿನಾ ಬೆಳಗ್ಗೆ 8 ಗಂಟೆಗೆ ಅಜ್ಜಿ ಕೊಡೆ ಹಿಡ್ಕೊಂಡು ಹೋಗಿ ಗ್ಲಾಸನ್ನ ಕಣ್ಣಿನ ನೇರಕ್ಕೆ ಎತ್ತಿ ನೋಡಿ ಬಂದು ಇಂಚು ಸೆಂಟಲ್ಲಿ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು) ಬರೀತಿದ್ರು. ಅದರ ಕೆಳಗೆ ಸಣ್ಣಕ್ಷರದಲ್ಲಿ ಮನೆ ವಿಷಯ. "1.20, ಗೌರಿ ಕರು ಹಾಕಿತು". "0.65, ಪುಟ್ಟಂಗೆ ಜ್ವರ, ಶಾಲೆಗೆ ಕಳಿಸಿಲ್ಲ". ಆ ಪುಟ್ಟ ನಾನೇ. 2018ರ ಆಗಸ್ಟ್ 17ರಿಂದ ಒಂಬತ್ತು ಚೌಕ ಖಾಲಿ, ಗುಡ್ಡ ಕುಸಿದಾಗ ಎಲ್ಲ ಬಿಟ್ಟು ಕುಶಾಲನಗರದಲ್ಲಿ ಚಿಕ್ಕಪ್ಪನ ಮನೇಲಿದ್ವಿ. ಇಂಥದ್ದೆಲ್ಲ ಪುಸ್ತಕದಲ್ಲಿ ಹಾಕಿದ್ರೆ ಚಿಲ್ಲರೆ ಅನ್ಸುತ್ತಾ?

ಏಲಕ್ಕಿಮಲೆ:
ದಯವಿಟ್ಟು ಹಾಕಿ. ನಮ್ಮಮ್ಮ ತೀರ್ಕೊಂಡಾಗ ನಾವು "ಸದ್ಗೃಹಿಣಿ" ಅಂತ ಬರೆಸಿ ಮುಗಿಸಿದ್ವಿ, ಇವತ್ತಿಗೂ ಹೊಟ್ಟೆ ಉರಿಯುತ್ತೆ. ಕೊಡವರ ಕಕ್ಕಡ ತಿಂಗಳ 18ರ ಹಿಂದಿನ ಸಂಜೆ, ಮಾರನೇ ದಿನದ ಪಾಯಸಕ್ಕೆ ಹಾಕೋ ಮದ್ದುಸೊಪ್ಪು ಕುಯ್ಯೋಕೆ ನಮ್ಮನ್ನೆಲ್ಲ ತೋಡಿನ ಬದಿಗೆ ಕರ್ಕೊಂಡು ಹೋಗ್ತಿದ್ರು, ಎಲೆ ಉಜ್ಜಿ ಮೂಸಿ ನೋಡಿ ಅಂತ ಮೂಗಿಗೆ ಹಿಡೀತಿದ್ರು, ಮಾರನೇ ದಿನ ಪಾಯಸ ಕಡು ನೇರಳೆ ಬಣ್ಣಕ್ಕೆ ಬಂದ್ರೆ ಮಾತ್ರ ಸಮಾಧಾನ. ಈಗ ಆ ಗಿಡ ಎಲ್ಲಿತ್ತು ಅಂತ ನಮಗ್ಯಾರಿಗೂ ಸರಿಯಾಗಿ ಗೊತ್ತಿಲ್ಲ. ಬರೆದಿಡಬೇಕಿತ್ತು.

ಹಳೇ ಬೆಳೆಗಾರ:
ಮಗಾ, ಫೆಬ್ರವರಿ ಮಾರ್ಚ್ ಪುಟಗಳನ್ನ ಸರಿಯಾಗಿ ನೋಡು. ರೊಬಸ್ಟಾ ಕಾಫಿಗೆ ಒಂದು ಇಂಚು ಹೂಮಳೆ ಬಿದ್ರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ, ಆಮೇಲೆ ಬ್ಯಾಕಿಂಗ್ ಮಳೆ, ಅಂದ್ರೆ ಹೂ ಆದ್ಮೇಲಿನ ಇನ್ನೊಂದು ಮಳೆ, ಬರದಿದ್ರೆ ಹೂ ಬಂದೂ ಕಾಯಿ ನಿಲ್ಲಲ್ಲ. ಅದನ್ನ 31 ವರ್ಷ ಬರೆದಿಟ್ಟವರು ತೋಟ ನಡೆಸಿದವರು. ಪೇಪರಲ್ಲಿ ಅವರ ಹೆಸರಿನ ಕೆಳಗೆ ಕಾಫಿ ಬೆಳೆಗಾರರು ಅಂತ ಹಾಕ್ಸು, ನನ್ನ ಮಾತು ಕೇಳು.
ಇನ್ನೊಂದು, ನಿನ್ನಜ್ಜ ಇದ್ದಾರಾ? ನೀವೆಲ್ಲ ಅಮ್ಮ, ಅಜ್ಜಿ ಅಂತ ನೋಡಿದವರು, ಹೆಂಡತಿ ಅಂತ ನೋಡಿದವರು ಅವರೊಬ್ಬರೇ ಅಲ್ವಾ.

ಮಂಜಿನೂರು:
ಅಜ್ಜ ಇದ್ದಾರೆ ಸರ್, 86 ಆಯ್ತು, ಅಜ್ಜಿ ಹೋದ ಮೇಲೆ ಮಾತು ತೀರ ಕಮ್ಮಿ. ನಿನ್ನೆ ಕ್ಯಾಲೆಂಡರ್‌ಗಳನ್ನ ಜಗಲಿಗೆ ತಂದು ಮುಂದೆ ಹರಡಿದೆ. ಒಂದು ಮಾರ್ಚಲ್ಲಿ "1.05" ಅಂತಿದೆ, ಕೆಳಗೆ ಒಂದೇ ಪದ, "ಹೇಳಿದ್ದೆ". ನನಗೆ ತಲೆಬುಡ ಗೊತ್ತಾಗ್ಲಿಲ್ಲ. ಅಜ್ಜ ಅದನ್ನ ನೋಡಿ ನಕ್ಕುಬಿಟ್ರು, ತಿಂಗಳುಗಟ್ಟಲೆ ಆದ್ಮೇಲೆ. ಆ ವರ್ಷ ಮಳೆ ನಂಬ್ಕೊಂಡ್ರೆ ಆಗಲ್ಲ ಅಂತ ಅಜ್ಜ ಸ್ಪ್ರಿಂಕ್ಲರ್‌ಗೆ ಡೀಸೆಲ್ ತರೋಕೆ ಹೊರಟಿದ್ರಂತೆ, ಅಜ್ಜಿ ಗೇಟಿನ ತನಕ ಬಂದು ಎರಡು ದಿನ ತಡೀರಿ ಅಂದ್ರಂತೆ, ಅಜ್ಜ ಕೇಳದೆ ಜೀಪ್ ಹತ್ತಿ ಹೋಗಿ ಎರಡು ಬ್ಯಾರಲ್ ತುಂಬಿಸ್ಕೊಂಡು ವಾಪಸ್ ಬರುವಾಗ ದಾರೀಲೇ ಮಳೆ ಹಿಡೀತಂತೆ. "ಬಾಯಲ್ಲಿ ಒಂದು ಮಾತು ಅನ್ಲಿಲ್ಲ ಕಣೋ, ಟವಲ್ ಕೊಟ್ಟು ಕಾಫಿ ಕೊಟ್ಲು. ಇಲ್ಲಿ ಬರೆದಿದ್ದಾಳೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು" ಅಂದ್ರು.
ಪುಸ್ತಕ ಅಲ್ಲಿಂದಾನೇ ಶುರು ಮಾಡ್ತೀನಿ. ಬೆಳೆಗಾರರು ಅಂತ ಹಾಕೋಕೆ ಅಪ್ಪನೂ ಒಪ್ಪಿದ್ರು.