ಪದಚರ್ಚೆ: ‘ಸಾರ್ವಜನಿಕ ಕೀಲಿ’ ಅಂದರೆ ಬೀಗವೋ, ಬೀಗದ ಕೈಯೋ?

ಪ್ರಶ್ನೆ (ಹಾವೇರಿಯಿಂದ)

ನಮಸ್ಕಾರ. ‘ಪಾಸ್’ ಎಂಬ ಪಾಸ್‌ವರ್ಡ್ ಮ್ಯಾನೇಜರ್ ಕುರಿತು ಡಿಗ್ರಿ ಕಾಲೇಜಿನ ಹುಡುಗರಿಗಾಗಿ ನಾಲ್ಕು ಪುಟದ ಕೈಪಿಡಿ ಸಿದ್ಧವಾಗುತ್ತಿದೆ. ಟರ್ಮಿನಲ್‌ನಲ್ಲಿ ಆಜ್ಞೆ ಬರೆದು ನಡೆಸುವ ತಂತ್ರಾಂಶ ಅದು. ಪ್ರತಿ ಖಾತೆಯ ಪಾಸ್‌ವರ್ಡನ್ನೂ ಜಿಪಿಜಿ ಎಂಬ ಗೂಢಲಿಪಿ ತಂತ್ರಾಂಶದಿಂದ ಗೂಢಗೊಳಿಸಿ ಬೇರೆ ಬೇರೆ ಫೈಲಿನಲ್ಲಿ ಇಡುತ್ತದೆ. ಗೂಢಗೊಳಿಸುವ ಪಬ್ಲಿಕ್ ಕೀ, ಅದನ್ನು ಬಿಡಿಸುವ ಪ್ರೈವೇಟ್ ಕೀ ಎಂಬವಕ್ಕೆ ರೂಢಿಯಂತೆ ‘ಸಾರ್ವಜನಿಕ ಕೀಲಿ’, ‘ಖಾಸಗಿ ಕೀಲಿ’ ಎಂದು ಬರೆದದ್ದಾಗಿದೆ. ಕರಡು ನೋಡಿದವರ ತಕರಾರು: ‘ಕೀಲಿ ಅಂದ್ರ ಹಾಕೂದು, ತಗಿಯೂದು ಕೀಲಿಕೈ. ಎರಡಕ್ಕೂ ಕೀಲಿ ಅಂದ್ರ ಹ್ಯಾಂಗ್ರಿ?’ ಏನು ಮಾಡಬಹುದು? ಪ್ರೈವೇಟ್ ಕೀಯನ್ನು ಕಾಯುವ ಪಾಸ್‌ಫ್ರೇಸ್‌ಗೂ ಒಂದು ಪದ ಬೇಕು. ಆ ಫೈಲುಗಳೆಲ್ಲ ಇರುವ ಫೋಲ್ಡರಿಗೆ, ಅಂದರೆ ಪಾಸ್‌ವರ್ಡ್ ಸ್ಟೋರ್‌ಗೆ, ‘ತಿಜೋರಿ’ ನಡೆದೀತೇ?

ಉತ್ತರ (ಧಾರವಾಡದಿಂದ)

ತಕರಾರು ತೆಗೆದವರ ಮಾತೇ ಖರೆ. ಕೀಲು ಅಂದರೆ ಗೂಟ, ಬೆಣೆ. ಅದರ ಬಳಗದ ಕೀಲಿ ನಮ್ಮ ಕಡೆ ಬಾಗಿಲಿಗೆ ಹಾಕುವ ಬೀಗ. ಮೈಸೂರು ಕಡೆ ‘ಬೀಗ, ಬೀಗದ ಕೈ’ ಅನ್ನುವಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ ‘ಕೀಲಿ, ಕೀಲಿಕೈ’. ಚಾವಿ ಅನ್ನುವವರೂ ಇದ್ದಾರೆ. ಕಂಪ್ಯೂಟರ್ ಪುಸ್ತಕಗಳು ‘ಕೈ’ ಬಿಟ್ಟು ಬರೀ ಕೀಲಿಯನ್ನೇ ಕೀ ಮಾಡಿಕೊಂಡದ್ದರಿಂದ ಗೊಂದಲ ಹುಟ್ಟಿದೆ.

ಆದರೆ ಇಲ್ಲಿ ನಮ್ಮ ಮಾತು ಇಂಗ್ಲಿಷಿಗಿಂತ ಚೊಕ್ಕ. ಪಬ್ಲಿಕ್ ಕೀ ಏನನ್ನೂ ತೆರೆಯುವುದಿಲ್ಲ, ಮುಚ್ಚುತ್ತದೆ ಅಷ್ಟೇ. ಅಂದಮೇಲೆ ಅದು ಕೀಲಿಯೇ. ತೆರೆಯುವ ಪ್ರೈವೇಟ್ ಕೀ ಕೀಲಿಕೈ. ಪಾಸ್‌ವರ್ಡ್ ಸೇರಿಸುವ ‘ಪಾಸ್ ಇನ್ಸರ್ಟ್’ ಆಜ್ಞೆ ಕೊಟ್ಟಾಗ ಹೊಸ ಪಾಸ್‌ವರ್ಡನ್ನು ಎರಡು ಸಲ ಕೇಳುತ್ತದೆ, ಪಾಸ್‌ಫ್ರೇಸ್ ಕೇಳುವುದಿಲ್ಲ. ಪಾಸ್‌ವರ್ಡ್ ತೋರಿಸುವ ‘ಪಾಸ್ ಷೋ’ ಕೊಟ್ಟಾಗ ಕೇಳುತ್ತದೆ. ಕೀಲಿ ಒತ್ತಿ ಹಾಕಲು ಕೀಲಿಕೈ ಬೇಡ, ತೆಗೆಯಲು ಬೇಕು. ಹುಡುಗರಿಗೆ ಇಷ್ಟು ಹೇಳಿದರೆ ಒಂದು ಪುಟ ಉಳಿಯುತ್ತದೆ.

ಹೊಸ ಕಂಪ್ಯೂಟರಿನಲ್ಲಿ ಆಗುವ ಎಡವಟ್ಟೂ ಇದರಿಂದಲೇ ತಿಳಿಯುತ್ತದೆ. ಕೀಲಿಕೈಯನ್ನು ಜಿಪಿಜಿಗೆ ಇಂಪೋರ್ಟ್ ಮಾಡಿದ ಮೇಲೆ ಹಳೆಯ ಪಾಸ್‌ವರ್ಡ್‌ಗಳೆಲ್ಲ ತೆರೆಯುತ್ತವೆ, ಹೊಸದನ್ನು ಸೇರಿಸಲು ಹೋದರೆ ಮಾತ್ರ ಜಿಪಿಜಿ ಒಲ್ಲೆ ಅನ್ನುತ್ತದೆ. ಕೀಲಿಕೈ ಸರಿಯಾಗೇ ಇದೆ. ಈ ಕೀಲಿ ನಿಮ್ಮದೇ ಎಂಬ ಖಾತ್ರಿ ಜಿಪಿಜಿಗಿಲ್ಲ. ಜಿಪಿಜಿಯ ‘ಎಡಿಟ್-ಕೀ’ ಆಜ್ಞೆಯಲ್ಲಿ ‘ಟ್ರಸ್ಟ್’ ಎಂದು ಬರೆದು 5ನೆಯ ಆಯ್ಕೆ ಒತ್ತಿ, ಸೇವ್ ಮಾಡಿ ಹೊರಬಂದರೆ ಸರಿಹೋಗುತ್ತದೆ. ಸ್ವಂತ ಕೀಲಿಗಷ್ಟೇ 5. ಬೇರೆಯವರ ಕೀಲಿಗೆ ಅದನ್ನು ಕೊಡಬಾರದು. ಈ ‘ಟ್ರಸ್ಟ್’ಗೆ ನಂಬಿಕೆ, ವಿಶ್ವಾಸಕ್ಕಿಂತ ‘ಖಾತ್ರಿ’ ಒಪ್ಪುತ್ತದೆ.

ಪಾಸ್‌ಫ್ರೇಸ್‌ಗೆ ‘ಗುಪ್ತವಾಕ್ಯ’ ಸಾಕು. ಆದರೆ ಪಾಸ್‌ವರ್ಡಿಗೆ ‘ಗುಪ್ತಪದ’ ಬೇಡ, ಎರಡೂ ಅಕ್ಕಪಕ್ಕ ಬಂದಾಗ ಓದುವವರು ಎಡವುತ್ತಾರೆ. ಪಾಸ್‌ವರ್ಡ್ ಅಂತಲೇ ಇರಲಿ, ಸಂತೆಯಲ್ಲಿ ಕೇಳಿದರೂ ತಿಳಿಯುವ ಪದ ಅದು. ಗುಪ್ತವಾಕ್ಯ ಕಾಯುವುದು ಕೀಲಿಕೈಯನ್ನು, ಫೈಲುಗಳನ್ನಲ್ಲ. ಹಾಗಾಗಿ ಗುಪ್ತವಾಕ್ಯ ಬದಲಿಸಿದರೆ ಫೈಲುಗಳು ಒಂದಿಷ್ಟೂ ಬದಲಾಗುವುದಿಲ್ಲ. ಕೀಲಿಕೈಯ ಹಳೆಯ ನಕಲು ಯಾರದಾದರೂ ಪೆನ್‌ಡ್ರೈವಿನಲ್ಲಿ ಉಳಿದಿದ್ದರೆ ಹಳೆಯ ವಾಕ್ಯಕ್ಕೇ ಅದು ಬಾಯಿ ಬಿಡುತ್ತದೆ. ಒಮ್ಮೆ ಕೊಟ್ಟ ವಾಕ್ಯವನ್ನು ಜಿಪಿಜಿಯ ಹಿನ್ನೆಲೆ ಸಹಾಯಕ ‘ಜಿಪಿಜಿ ಏಜೆಂಟ್’ ಸಾಮಾನ್ಯವಾಗಿ 10 ನಿಮಿಷ ನೆನಪಿನಲ್ಲಿಡುತ್ತದೆ, ನಡುವೆ ಬಳಸುತ್ತಿದ್ದರೆ ಹೆಚ್ಚೆಂದರೆ 2 ತಾಸು. ಕೇಳದೇ ಪಾಸ್‌ವರ್ಡ್ ತೋರಿಸಿತು ಎಂದು ಹುಡುಗರು ಗಾಬರಿಯಾಗುವುದು ಇದಕ್ಕೇ.

‘ತಿಜೋರಿ’ ಬೇಡ. ಕೀಪಾಸ್‌ನಂಥ ಪಾಸ್‌ವರ್ಡ್ ಮ್ಯಾನೇಜರ್‌ಗಳು ಎಲ್ಲವನ್ನೂ ಒಂದೇ ಫೈಲಿನಲ್ಲಿ ತುಂಬುತ್ತವೆ, ತಿಜೋರಿ ಅನ್ನಬೇಕಾದದ್ದು ಅವಕ್ಕೆ. ‘ಹಗೇವು’ ಅನ್ನುವ ಆಸೆ ಯಾರಿಗಾದರೂ ಬಂದೀತು, ಅದೂ ಬಾಯಿ ತೆಗೆದರೆ ಪೂರಾ ಕಾಳು ಕಾಣುವಂಥದ್ದು. ಪಾಸ್ ಹಾಗಲ್ಲ, ಅಡಿಗೆಮನೆಯ ಡಬ್ಬಿಗಳ ಸಾಲು ಇದ್ದಂತೆ. ಪ್ರತಿ ಡಬ್ಬಿಗೂ ಕೀಲಿ ಉಂಟು, ಹೊರಗಿನ ಚೀಟಿ ಮಾತ್ರ ಎಲ್ಲರಿಗೂ ಕಾಣುತ್ತದೆ. ಫೈಲಿನ ಹೆಸರು ಗೂಢವಾಗುವುದಿಲ್ಲ. ‘ಬ್ಯಾಂಕ್’ ಫೋಲ್ಡರಿನಲ್ಲಿ ಬ್ಯಾಂಕಿನ ಹೆಸರೇ ಇದ್ದರೆ, ಫೋಲ್ಡರ್ ಸಿಕ್ಕವನಿಗೆ ನಿಮ್ಮ ಖಾತೆ ಎಲ್ಲೆಲ್ಲಿದೆ ಎಂಬುದು ಸಿಕ್ಕಂತೆ. ‘ಸಂಗ್ರಹ’ ಅಂದರೆ ಸಾಕು. ಬ್ಯಾಕಪ್ ಮಾತು ಬಂದಾಗ ‘ಸಂಗ್ರಹ ಮತ್ತು ಕೀಲಿಕೈ’ ಎಂದು ಜೋಡಿಯಾಗಿಯೇ ಬರೆಯಿರಿ. ಸಂಗ್ರಹದ ನಕಲು ಹತ್ತು ಕಡೆ ಇದ್ದು ಕೀಲಿಕೈ ಹೋದರೆ ಒಂದೂ ಡಬ್ಬಿ ತೆರೆಯದು.

ಇನ್ನು ಚಿಕ್ಕವು. ಹೊಸ ಪಾಸ್‌ವರ್ಡ್ ತಾನೇ ತಯಾರಿಸುವ ‘ಜನರೇಟ್’ಗೆ ‘ಹುಟ್ಟಿಸು’. ಅಳತೆ ಹೇಳದಿದ್ದರೆ 25 ಅಕ್ಷರ ಹುಟ್ಟಿಸುತ್ತದೆ. ಚಿಹ್ನೆ ಒಪ್ಪದ ತಾಣಗಳಿಗೆ ‘-ಎನ್’ ಸೇರಿಸಿ. ‘ಕ್ಲಿಪ್‌ಬೋರ್ಡ್’ ಹಾಗೇ ಇರಲಿ. ‘ಷೋ’ ಜೊತೆ ‘-ಸಿ’ ಹಾಕಿದರೆ ಪಾಸ್‌ವರ್ಡ್ ಪರದೆಗೆ ಬಾರದೆ ಅಲ್ಲಿಗೆ ಹೋಗಿ 45 ಸೆಕೆಂಡಿಗೆ ಅಳಿಯುತ್ತದೆ. ತಂತ್ರಾಂಶದ ಹೆಸರನ್ನು ಪ್ರತಿ ಸಲ ಉದ್ಧರಣ ಚಿಹ್ನೆಯೊಳಗೆ ಇಡಿ. ಇಲ್ಲಿ ಹುಡುಗರಿಗೆ ಪಾಸ್ ಅಂದರೆ ಪರೀಕ್ಷೆ, ಇಲ್ಲವೇ ವಾಯವ್ಯ ಸಾರಿಗೆ ಬಸ್ಸಿನದು.

ಮರು ಉತ್ತರ (ಗದಗದಿಂದ)

ಕೀಲಿ-ಕೀಲಿಕೈಗೆ ನನ್ನದೂ ಹೂಂ. ಆದರೆ ಎರಡು ಕಡೆ ಈ ಹೋಲಿಕೆ ಕೈಕೊಡುತ್ತದೆ, ಅಡಿಟಿಪ್ಪಣಿ ಹಾಕಿ. ಸಂಗ್ರಹಕ್ಕೆ ಯಾರ ಕೀಲಿ ಎಂದು ಗೊತ್ತುಮಾಡುವ ‘ಪಾಸ್ ಇನಿಟ್’ಗೆ ಇಬ್ಬರ ಗುರುತು ಕೊಟ್ಟರೆ ಪ್ರತಿ ಡಬ್ಬಿಗೂ ಎರಡು ಕೀಲಿ ಅನ್ನಬೇಕಾಗುತ್ತದೆ. ಬ್ಯಾಂಕ್ ಲಾಕರಿಗೆ ಎರಡೂ ಕೀಲಿಕೈ ಬೇಕು, ಇಲ್ಲಿ ಯಾವುದಾದರೂ ಒಂದು ಸಾಕು. ಆಮೇಲೆ ಒಬ್ಬರನ್ನು ತೆಗೆದು ಮತ್ತೆ ‘ಇನಿಟ್’ ಮಾಡಿದರೆ ಫೈಲುಗಳಿಗೆ ಹೊಸದಾಗಿ ಕೀಲಿ ಬೀಳುತ್ತದೆ ನಿಜ, ಆದರೆ ಫೈಲುಗಳ ಹಳೆಯ ಆವೃತ್ತಿಗಳನ್ನು ಕಾಪಿಡುವ ‘ಗಿಟ್’ ಬಳಸುತ್ತಿದ್ದರೆ ಅದರ ಇತಿಹಾಸದಲ್ಲಿ ಹಳೆಯವು ಹಾಗೇ ಕೂತಿರುತ್ತವೆ. ಆ ಖಾತೆಗಳ ಪಾಸ್‌ವರ್ಡನ್ನೇ ಬದಲಿಸಬೇಕು.

ಎರಡನೆಯದು, ಡಿಜಿಟಲ್ ಸಹಿ. ಅಲ್ಲಿ ಕೀಲಿಕೈಯಿಂದ ಸಹಿ, ಕೀಲಿಯಿಂದ ತಾಳೆ. ಬಾಗಿಲಿನ ಮಾತು ಅಲ್ಲಿ ಹೊಂದುವುದಿಲ್ಲ. ಮೊಹರು, ಅದರ ಅಚ್ಚು ಎಂದು ಬೇರೆಯೇ ವಿವರಿಸಿ.